ಮೂರು ಇಂಚು ನೀರು ಎರಡಾದರೆ ಹೋಗಿದ್ದು ಎಷ್ಟು?

ಕೋಲಾರದ ಕಡೆ ಬೋರ್‌ವೆಲ್ ಕೊರೆಸಿದವರನ್ನು ಯಾರೂ ಎಷ್ಟು ಲೀಟರ್ ಅಂತ ಕೇಳುವುದಿಲ್ಲ. ‘ಎಷ್ಟು ಇಂಚು ನೀರು ಬಿತ್ತು?’ ಅಂತಲೇ ಕೇಳುತ್ತಾರೆ. ‘ವಿ’ ಆಕಾರಕ್ಕೆ ಕತ್ತರಿಸಿದ ತಗಡನ್ನು ನೀರು ಹರಿಯುವ ಕಡೆ ಅಡ್ಡ ಇಡುತ್ತಾರೆ. ಅದರ ಕೆಳಗಿನ ಮೂಲೆಯಿಂದ ನೀರು ಎಷ್ಟು ಎತ್ತರ ನಿಂತಿದೆ ಅನ್ನುವುದೇ ಆ ಇಂಚು.

ಕಳೆದ ಬೇಸಿಗೆಯಲ್ಲಿ ಮಾಲೂರು ಕಡೆಯ ರೈತರೊಬ್ಬರು ಬಂದಿದ್ದರು. ‘ಮೂರು ಇಂಚು ಇದ್ದ ನೀರು ಎರಡಾಗಿದೆ ಸಾರ್. ಹೋಗಿದ್ದು ಒಂದೇ ಇಂಚು. ಮೂರು ಎಕರೆ ಟೊಮೆಟೊದಲ್ಲಿ ಎರಡಕ್ಕಾದರೂ ಸಾಕಾಗಬೇಕಲ್ವಾ? ಆಗ್ತಿಲ್ಲ’ ಅಂದರು. ಅವರ ಲೆಕ್ಕ ಯಾರಿಗಾದರೂ ಸರಿ ಅನಿಸುತ್ತದೆ. ಅಂತರ್ಜಲದ ಕೆಲಸ ಮಾಡುವ ನನಗೆ ಇದರ ಸೂತ್ರ ಗೊತ್ತಿತ್ತು. ಆದರೆ ಜೊತೆಗಿದ್ದ ಡಿಪ್ಲೊಮಾ ಹುಡುಗರಿಗೆ ಹೇಳಲಿಲ್ಲ. ಅಳೆದು ಅವರೇ ಕಂಡುಕೊಳ್ಳಲಿ ಅಂತ ಬಿಟ್ಟೆ.

ಚೆನ್ನಾಗಿ ನೀರಿದ್ದ ಪಕ್ಕದ ತೋಟದ ಬೋರ್‌ವೆಲ್‌ನಲ್ಲಿ ಅಳತೆ ಶುರುವಾಯಿತು. ಗೇಟ್ ವಾಲ್ವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ಪ್ರತಿ ಸಲ ಎತ್ತರ ಬರೆದುಕೊಂಡು, 200 ಲೀಟರಿನ ಡ್ರಮ್ ತುಂಬಲು ಎಷ್ಟು ಹೊತ್ತು ಬೇಕು ಅಂತ ನೋಡಿದರು. ಒಂದರಿಂದ ಮೂರು ಇಂಚಿನವರೆಗೆ 14 ಅಳತೆ ಸಿಕ್ಕವು. ಅವನ್ನು, ಅಳತೆಗಳಿಂದಲೇ ಸೂತ್ರ ಹುಡುಕುವ ಪೈಎಸ್ಆರ್ ಅನ್ನುವ ಸಾಫ್ಟ್‌ವೇರಿಗೆ ಹಾಕಿದೆವು. ಮೈಲ್ಸ್ ಕ್ರ್ಯಾನ್ಮರ್ ಬರೆದದ್ದು, ದುಡ್ಡು ಕೊಡಬೇಕಿಲ್ಲ.

ಎಕ್ಸೆಲ್‌ನಲ್ಲಿ ಗೆರೆ ಎಳೆಯುವಾಗ ಅದು ನೇರ ಗೆರೆಯೋ ಬಾಗಿದ್ದೋ ಅಂತ ನಾವೇ ಮೊದಲು ಹೇಳಬೇಕು. ಯಂತ್ರ ಬರೀ ಅಂಕಿಗಳನ್ನು ಹುಡುಕುತ್ತದೆ. ಇಲ್ಲಿ ಸೂತ್ರದ ಆಕಾರವನ್ನೂ ಅದೇ ಹುಡುಕಬೇಕು. ಕೂಡು, ಕಳೆ, ಗುಣಿಸು, ಭಾಗಿಸು, ಘಾತ, ಸೈನ್ ಹೀಗೆ ನಾವು ಪಟ್ಟಿ ಮಾಡಿ ಕೊಟ್ಟವನ್ನೆಲ್ಲ ಕೈಗೆ ಬಂದಂತೆ ಜೋಡಿಸಿ ನೂರಾರು ಸಣ್ಣ ಸೂತ್ರ ಹುಟ್ಟಿಸುತ್ತದೆ. ಅಳತೆಗೆ ಹತ್ತಿರ ಬಂದವನ್ನು ಉಳಿಸಿಕೊಂಡು, ಒಂದರ ತುಂಡನ್ನು ಇನ್ನೊಂದಕ್ಕೆ ಸೇರಿಸುತ್ತದೆ. ನಮ್ಮ ರೇಷ್ಮೆ ಬೆಳೆಗಾರರಿಗೆ ಮಿಶ್ರತಳಿ ಅಂದರೆ ಬಿಡಿಸಿ ಹೇಳಬೇಕಿಲ್ಲ. ಇದೂ ಅದೇ ಥರ, ಸಾವಿರಾರು ತಲೆಮಾರು. ಈ ದಾರಿಯಲ್ಲಿ 2009ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಶ್ಮಿಟ್ ಮತ್ತು ಲಿಪ್ಸನ್, ಒಂದಕ್ಕೊಂದು ಜೋತು ತೂಗುವ ಜೋಡಿ ಲೋಲಕದ ಅಳತೆಗಳಿಂದಲೇ ಅದರ ಚಲನೆಯ ನಿಯಮವನ್ನು ಹೊರತೆಗೆದರು.

ಮೊದಲ ಸಲ ನಮಗೆ ಬಂದದ್ದು ಉದ್ದನೆಯ ಸೂತ್ರ, ನಡುವೆ ಎರಡು ಸೈನ್, ಅಂದರೆ ಅಲೆಯಂತೆ ಏರಿಳಿಯುವ ಲೆಕ್ಕ. 14 ಅಳತೆಗೂ ಚೆನ್ನಾಗಿ ಕೂತಿತ್ತು. ಹುಡುಗರು ಖುಷಿಯಾದರು. ನಾಲ್ಕು ಇಂಚು ಹಾಕಿ ನೋಡಿ ಅಂದೆ. ಮೂರು ಇಂಚಿಗಿಂತ ಕಡಿಮೆ ನೀರು ತೋರಿಸಿತು! ಎತ್ತರ ಜಾಸ್ತಿಯಾದರೆ ನೀರು ಕಡಿಮೆ ಆಗುತ್ತದಾ? ಎರಡು ಸಲ ಸ್ಟಾಪ್‌ವಾಚ್ ತಡವಾಗಿ ಒತ್ತಿದ್ದರು. ಆ ತಪ್ಪನ್ನೂ ನಿಜ ಅಂದುಕೊಂಡು ಸೂತ್ರ ಬಳುಕಿತ್ತು.

ಆ ಎರಡನ್ನು ಮತ್ತೆ ಅಳೆದರು. ತಗಡಿನ ಮೇಲೆ ಬೀಳುವ ನೀರಿಗೆ ಸೈನ್ ಯಾಕೆ ಬೇಕು? ಅದನ್ನು ನಾವು ಕೊಟ್ಟ ಪಟ್ಟಿಯಿಂದ ತೆಗೆದೆವು. ನಾಲ್ಕು ಅಳತೆಗಳನ್ನು ಸಾಫ್ಟ್‌ವೇರಿಗೆ ತೋರಿಸದೆ ಪರೀಕ್ಷೆಗೆ ಇಟ್ಟುಕೊಂಡೆವು.

ಈ ಸಾಫ್ಟ್‌ವೇರ್ ಒಂದೇ ಉತ್ತರ ಕೊಡುವುದಿಲ್ಲ. ಚಿಕ್ಕದರಿಂದ ಉದ್ದದ ಸೂತ್ರದವರೆಗೆ ಪಟ್ಟಿ ಕೊಡುತ್ತದೆ, ಪ್ರತಿಯೊಂದರ ಮುಂದೆ ಅದರ ತಪ್ಪು ಎಷ್ಟು ಅಂತ. ಪಟ್ಟಿಯನ್ನು ಮೇಲಿಂದ ಓದಿಕೊಂಡು ಬನ್ನಿ. ತಪ್ಪು ಧಡಕ್ಕನೆ ಇಳಿಯುವ ಸಾಲಲ್ಲಿ ನಿಲ್ಲಿ. ನಮ್ಮ ಪಟ್ಟಿಯಲ್ಲಿ ಎತ್ತರವನ್ನು ಸುಮ್ನೆ ಗುಣಿಸಿದ್ದರಲ್ಲಿ ತಪ್ಪು ಭಾರಿ ಇತ್ತು. ಎತ್ತರದ ವರ್ಗದಲ್ಲಿ ಇನ್ನೂ ಸಾಕಷ್ಟಿತ್ತು. ಘಾತ 2.47 ಇದ್ದ ಸಾಲಿಗೆ ಬಂದಾಗ ಕುಸಿದುಬಿತ್ತು. ಅಲ್ಲಿಂದ ಮುಂದೆ ಸೂತ್ರ ಉದ್ದವಾಯಿತೇ ಹೊರತು ಲಾಭ ಚೂರುಪಾರು.

ಪುಸ್ತಕದಲ್ಲಿರುವ ಘಾತ ಎರಡೂವರೆ. ಯಾಕೆ ಎರಡೂವರೆ ಅಂತ ಒಬ್ಬ ಹುಡುಗ ಕೇಳಿದ, ನನಗೆ ತುಂಬ ಸಂತೋಷವಾಯಿತು. ಸಾಫ್ಟ್‌ವೇರ್ ಹೇಳದ ಭಾಗ ಇದು. ನೀರಿನ ಎತ್ತರ ಎರಡು ಪಟ್ಟಾದರೆ ‘ವಿ’ಯಲ್ಲಿ ಅದರ ಅಗಲವೂ ಎರಡು ಪಟ್ಟು. ಹಾಗಾಗಿ ನೀರು ದಾಟುವ ಜಾಗ ನಾಲ್ಕು ಪಟ್ಟು. ವೇಗ ಎತ್ತರದ ವರ್ಗಮೂಲದಷ್ಟು ಏರುತ್ತದೆ, ಅಂದರೆ ಸುಮಾರು 1.4 ಪಟ್ಟು. ಎರಡನ್ನೂ ಗುಣಿಸಿದರೆ ಐದೂವರೆ ಪಟ್ಟಿಗೂ ಸ್ವಲ್ಪ ಜಾಸ್ತಿ. ಹೀಗೆ ಬಾಯಲ್ಲಿ ಬಿಡಿಸಿ ಹೇಳಲು ಬರುವ ಸೂತ್ರವನ್ನೇ ನಾನು ನಂಬುವುದು.

90 ಡಿಗ್ರಿಯ ತಗಡಿನಲ್ಲಿ ಒಂದು ಇಂಚು ಅಂದರೆ ನಿಮಿಷಕ್ಕೆ ಸುಮಾರು 8.5 ಲೀಟರ್. ಎರಡು ಇಂಚಿಗೆ 48. ಮೂರಕ್ಕೆ 133. ಮೂರು ಇಂಚು ಎರಡಾದರೆ ಉಳಿಯುವುದು ನೂರಕ್ಕೆ 36 ಪಾಲು ಮಾತ್ರ.

ಈ ಮೂರು ಅಂಕಿಗಳನ್ನು ಹುಡುಗರು ಆ ರೈತರ ಪಂಪ್‌ಹೌಸಿನ ಗೋಡೆ ಮೇಲೆ ಬಣ್ಣದಲ್ಲಿ ಬರೆದು ಬಂದರು. ಅವರು ಅದನ್ನು ನೋಡಿ ತುಸು ಹೊತ್ತು ಸುಮ್ಮನಿದ್ದರು. ಆಮೇಲೆ ಎರಡು ಎಕರೆಯ ಡ್ರಿಪ್ ವಾಲ್ವ್ ಮುಚ್ಚಿ, ಇದ್ದ ನೀರನ್ನೆಲ್ಲ ಒಂದೇ ಎಕರೆಗೆ ತಿರುಗಿಸಿದರು.