ಪದ ಪರಿಚಯ: ಪಾರ್ವಾಲ್ಬುಮಿನ್

ಮೀನಿನ ಮಾಂಸಖಂಡದಲ್ಲಿರುವ ಒಂದು ಪ್ರೋಟೀನ್ ಇದು. ಮೀನಿನ ಅಲರ್ಜಿ ಇರುವ ಬಹುಪಾಲು ಜನರ ಮೈಗೆ ಆಗದಿರುವುದು ಇದೇ. ಕುದಿಸಿದರೂ ಕರಿದರೂ ಇದರ ಗುಣ ಹೋಗುವುದಿಲ್ಲ. ಹಾಗಾಗಿ ‘ಚೆನ್ನಾಗಿ ಬೆಂದಿದೆ, ತಿನ್ನಿ, ಏನೂ ಆಗಲ್ಲ’ ಎಂದು ಒತ್ತಾಯ ಮಾಡಲೇಬಾರದು.

ಶಿರಾಡಿ ಘಾಟಿ ಹತ್ತಿ ಹಾಸನಕ್ಕೆ ಬರುವ ಬಂಗುಡೆಯಲ್ಲೂ ಇದಿದೆ, ಹೇಮಾವತಿ ಹಿನ್ನೀರಿನ ಕಾಟ್ಲಾದಲ್ಲೂ ಇದೆ. ಸಮುದ್ರದ ಮೀನು ಆಗದವರು ಕೆರೆ ಮೀನು ತಿನ್ನಬಹುದು ಎಂದುಕೊಳ್ಳುವಂತಿಲ್ಲ. ಕೆಲವರಿಗೆ ಒಂದೆರಡು ಜಾತಿ ಒಗ್ಗುವುದುಂಟು. ಅದನ್ನು ಅಲರ್ಜಿ ತಜ್ಞರ ಬಳಿಯೇ ಪರೀಕ್ಷಿಸಿಕೊಳ್ಳಬೇಕು. ಸೀಗಡಿ, ಏಡಿಯ ಅಲರ್ಜಿ ಬೇರೆ. ಅಲ್ಲಿ ಕಾರಣ ಟ್ರೋಪೋಮಯೋಸಿನ್ ಎಂಬ ಬೇರೊಂದು ಪ್ರೋಟೀನ್.

ಹೋಟೆಲಿನಲ್ಲಿ ‘ನನಗೆ ಮೀನು ಬೇಡ’ ಎಂದರೆ ಸಾಲದು. ಮೀನು ಕರಿದ ಎಣ್ಣೆಯಲ್ಲೇ ಗೋಬಿ ಕರಿದಿರುತ್ತಾರೆ, ಅದೇ ಕಾವಲಿಯಲ್ಲಿ ಆಮ್ಲೆಟ್ ಹಾಕಿರುತ್ತಾರೆ. ಎಣ್ಣೆ, ಕಾವಲಿ, ಸೌಟು ಬೇರೆಯೇ ಎಂದು ಒಂದೊಂದಾಗಿ ಕೇಳಿ; ಉತ್ತರ ತಡವರಿಸಿದರೆ ಅಲ್ಲಿ ಊಟ ಬೇಡ. ಮನೆಯಲ್ಲಿ ಆವಿಯ ಕಡೆಗೂ ಗಮನವಿರಲಿ. ಮಳೆಗಾಲದಲ್ಲಿ ಬಾಗಿಲು ಮುಚ್ಚಿಕೊಂಡು ಕೆಂಡದ ಮೇಲೆ ಒಣಮೀನು ಸುಟ್ಟರೆ, ಅಲರ್ಜಿಯ ಜೊತೆ ಆಸ್ತಮಾವೂ ಇರುವವರಿಗೆ ಆ ಹೊಗೆಯೇ ಉಸಿರು ಕಟ್ಟಿಸಬಹುದು. ಪ್ಯಾಕೆಟ್ ತಿಂಡಿ, ಸಾಸ್‌ಗಳ ಮೇಲಿನ ಅಲರ್ಜಿ ಸೂಚನೆಯನ್ನು ಪ್ರತಿ ಸಲವೂ ಓದಿ. ವೂಸ್ಟರ್‌ಶೈರ್ ಸಾಸ್‌ಗೆ ಸಾಮಾನ್ಯವಾಗಿ ಆಂಚೊವಿ ಮೀನು ಹಾಕಿರುತ್ತಾರೆ.

ಮೀನು ತಿಂದು ಮುಖ ಕೆಂಪೇರಿತೆಂದರೆ ಅದು ಅಲರ್ಜಿಯೇ ಆಗಬೇಕಿಲ್ಲ. ಐಸು ಸಾಲದೆ ಬಂದ ಬಂಗುಡೆ, ಭೂತಾಯಿ ಮೀನಿನಲ್ಲಿ ಬ್ಯಾಕ್ಟೀರಿಯಾದಿಂದ ಹಿಸ್ಟಮಿನ್ ಎಂಬ ರಾಸಾಯನಿಕ ಸೇರಿಕೊಳ್ಳುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಅದೇ ಮೀನು ತಿಂದ ನಾಲ್ಕಾರು ಜನರಿಗೆ ಒಟ್ಟಿಗೆ ಹೀಗಾದರೆ ಈ ವಿಷದ ಅನುಮಾನವೇ ಹೆಚ್ಚು. ಈ ವ್ಯತ್ಯಾಸವನ್ನು ವೈದ್ಯರಿಗೆ ತಪ್ಪದೆ ಹೇಳಿ.

ನಿಜವಾದ ಅಲರ್ಜಿ ಸಾಮಾನ್ಯವಾಗಿ ಕೆಲವು ನಿಮಿಷದಿಂದ 2 ಗಂಟೆಯೊಳಗೆ ತೋರುತ್ತದೆ. ದದ್ದಿನ ಜೊತೆ ಗಂಟಲು ಬಿಗಿತ, ಉಬ್ಬಸ, ತಲೆಸುತ್ತು, ಪದೇಪದೇ ವಾಂತಿ ಕಂಡರೆ ಅದು ಅನಾಫಿಲ್ಯಾಕ್ಸಿಸ್, ಅಂದರೆ ಜೀವಕ್ಕೇ ಅಪಾಯ ತರುವ ತೀವ್ರ ಅಲರ್ಜಿ. ಸೆಟಿರಿಜಿನ್ ಮಾತ್ರೆ ತುರಿಕೆ ತಗ್ಗಿಸೀತು, ಉಸಿರು ಉಳಿಸದು. ಬೇಕಾದದ್ದು ಅಡ್ರಿನಲಿನ್ ಚುಚ್ಚುಮದ್ದು: ದೊಡ್ಡವರಿಗೆ 0.5 ಮಿಲಿಗ್ರಾಂ, ತೊಡೆಯ ಹೊರಭಾಗದ ಸ್ನಾಯುವಿಗೆ. ಸುಧಾರಿಸದಿದ್ದರೆ 5 ನಿಮಿಷದ ನಂತರ ಮತ್ತೊಮ್ಮೆ. ಮಕ್ಕಳಿಗೆ ತೂಕದ ಲೆಕ್ಕದಲ್ಲಿ ವೈದ್ಯರು ನಿಗದಿಮಾಡುತ್ತಾರೆ. ರೋಗಿಯನ್ನು ಮಲಗಿಸಿ ಕಾಲು ಎತ್ತರಿಸಿ; ಉಸಿರು ಕಷ್ಟವಾದರೆ ಕೂರಿಸಿ; ನಡೆಸಬೇಡಿ. ತೋಟದ ಮನೆಗಳಿಂದ ಆಸ್ಪತ್ರೆ ದೂರ, ಆದ್ದರಿಂದ ಮೊದಲ ಲಕ್ಷಣಕ್ಕೇ 108ಕ್ಕೆ ಕರೆ ಮಾಡಿ. ಚೇತರಿಸಿಕೊಂಡ ಮೇಲೂ ಕೆಲವು ಗಂಟೆ ಆಸ್ಪತ್ರೆಯಲ್ಲೇ ಇರಬೇಕು, ಲಕ್ಷಣಗಳು ಮರುಕಳಿಸುವುದುಂಟು.