ಮೇಣದಬತ್ತಿ ಓರೆಯಾದರೂ ಜ್ವಾಲೆ ನೆಟ್ಟಗೇ ಯಾಕೆ?

ಪ್ರಶ್ನೆ: ಕರೆಂಟ್ ಹೋದಾಗ ಮೇಣದಬತ್ತಿ ಹಚ್ಚುತ್ತೇವೆ. ಅದನ್ನು ಎಷ್ಟೇ ಓರೆ ಹಿಡಿದರೂ ಬೆಂಕಿ ಮೇಲಕ್ಕೇ ಉರಿಯುತ್ತದೆ. ಭೂಮಿ ಎಲ್ಲವನ್ನೂ ಕೆಳಕ್ಕೆ ಎಳೆಯುತ್ತದೆ ಅಂತಾರೆ, ಬೆಂಕಿಯನ್ನು ಯಾಕೆ ಎಳೆಯೋದಿಲ್ಲ?
– ಪಿಯುಸಿ ವಿದ್ಯಾರ್ಥಿನಿ, ಮುಳಬಾಗಿಲು

ಉತ್ತರ: ಬೆಂಕಿಯನ್ನೂ ಎಳೆಯುತ್ತದೆ. ಆದರೆ ಸುತ್ತಲಿನ ತಣ್ಣನೆ ಗಾಳಿಯನ್ನು ಅದಕ್ಕಿಂತ ಜಾಸ್ತಿ ಎಳೆಯುತ್ತದೆ. ಎಲ್ಲ ಇರುವುದು ಅಲ್ಲೇ.

ಮೊದಲು, ಉರಿಯುವುದು ಏನು ಅಂತ ನೋಡೋಣ. ಬತ್ತಿಯೂ ಅಲ್ಲ, ಗಟ್ಟಿ ಮೇಣವೂ ಅಲ್ಲ. ಕರಗಿದ ಮೇಣ ಬತ್ತಿಯಲ್ಲಿ ಮೇಲಕ್ಕೇರಿ ಆವಿಯಾಗುತ್ತದೆ, ಆ ಆವಿ ಉರಿಯುತ್ತದೆ. ನಂಬಿಕೆ ಬಾರದಿದ್ದರೆ ಬತ್ತಿಯನ್ನು ಊದಿ ಆರಿಸಿ. ಬೆಳ್ಳಗೆ ಎಳೆಯಾಗಿ ಹೊಗೆ ಏಳುತ್ತದಲ್ಲ, ತಡ ಮಾಡದೆ ಆ ಹೊಗೆಗೆ ಕಡ್ಡಿ ಗೀರಿ ಹಿಡಿಯಿರಿ. ಬತ್ತಿಗೆ ತಾಗಿಸಲೇಬೇಡಿ. ಬೆಂಕಿ ಹೊಗೆಯ ಎಳೆ ಹಿಡಿದು ಕೆಳಗಿಳಿದು ಬತ್ತಿಯನ್ನು ಮತ್ತೆ ಹೊತ್ತಿಸುತ್ತದೆ. ಆ ಬಿಳಿ ಹೊಗೆ ಮೇಣದ ಆವಿಯೇ.

ಆವಿ ಉರಿದಾಗ ಶಾಖ 1200 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಹೋಗುತ್ತದೆ. ಅಷ್ಟು ಬಿಸಿಯಾದ ಗಾಳಿ ಹಿಗ್ಗಿಬಿಡುತ್ತದೆ. ಅಷ್ಟೇ ಜಾಗದ ಮಾಮೂಲಿ ಗಾಳಿಯ ಸುಮಾರು ಐದನೇ ಒಂದು ಪಾಲು ತೂಕ ಮಾತ್ರ ಅದಕ್ಕೆ ಉಳಿಯುತ್ತದೆ. ಭಾರದ ತಣ್ಣನೆ ಗಾಳಿ ಕೆಳಗಿನಿಂದ ನುಗ್ಗಿ ಈ ಹಗುರ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಜ್ವಾಲೆ ಚೂಪಾಗಿ ಉದ್ದವಾಗುವುದೂ ಹೀಗೇ. ಅಂದರೆ ಬೆಂಕಿಯನ್ನು ನೆಟ್ಟಗೆ ನಿಲ್ಲಿಸಿರುವುದು ಭೂಮಿಯ ಸೆಳೆತವೇ! ಬತ್ತಿ ಯಾವ ಕಡೆ ತಿರುಗಿದೆ ಅನ್ನುವುದು ಗಾಳಿಗೆ ಲೆಕ್ಕಕ್ಕಿಲ್ಲ.

ಕಿಟಕಿ ಹಾಕಿದ ಕೋಣೆಯಲ್ಲೂ ಜ್ವಾಲೆ ಕುಣಿಯುವುದಕ್ಕೆ ಇದೇ ಕಾರಣ ಇರಬಹುದು. ಮೂರು ಮೇಣದಬತ್ತಿಗಳನ್ನು ಒತ್ತಟ್ಟಿಗೆ ಸೇರಿಸಿ ಹಚ್ಚಿದರೆ, ಏರುವ ಬಿಸಿಗಾಳಿ ಪಕ್ಕದ ತಣ್ಣನೆ ಗಾಳಿಗೆ ಉಜ್ಜಿ ಸುಳಿ ಏಳುತ್ತದೆ. ಜ್ವಾಲೆ ಸೆಕೆಂಡಿಗೆ ಸುಮಾರು 10 ಸಲ ಮಿಡಿಯುತ್ತದೆ.

ತೂಕವೇ ಇಲ್ಲದ ಕಡೆ? 1992ರಲ್ಲಿ ಅಮೆರಿಕದ ಕೊಲಂಬಿಯಾ ಬಾಹ್ಯಾಕಾಶ ನೌಕೆಯಲ್ಲಿ, 1996ರಲ್ಲಿ ರಷ್ಯಾದ ಮಿರ್ ಬಾಹ್ಯಾಕಾಶ ನಿಲ್ದಾಣದಲ್ಲಿ ಮೇಣದಬತ್ತಿ ಹಚ್ಚಿ ನೋಡಿದರು. ಅಲ್ಲಿ ಮೇಲೆ ಕೆಳಗೆ ಎಂಬುದಿಲ್ಲ, ಬಿಸಿಗಾಳಿಯನ್ನು ತಳ್ಳುವವರೂ ಇಲ್ಲ. ಜ್ವಾಲೆ ದುಂಡಗೆ, ಮಂದ ನೀಲಿಯಾಗಿ ಬತ್ತಿಯ ಸುತ್ತ ಕೂತಿತು. ನಮ್ಮ ಜ್ವಾಲೆಯ ಹಳದಿ, ಕಾದು ಹೊಳೆಯುವ ಮಸಿಯ ಕಣಗಳದ್ದು. ದೀಪದ ಮೇಲೆ ತಟ್ಟೆ ಕವುಚಿ ಕಾಡಿಗೆ ಹಿಡಿಯುತ್ತಾರಲ್ಲ, ಅದೇ ಮಸಿ. ಬಾಹ್ಯಾಕಾಶದ ಆ ಜ್ವಾಲೆಯಲ್ಲಿ ಅದು ತೀರಾ ಕಮ್ಮಿ.

ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಯೋಗ ಇನ್ನೊಂದಿದೆ. ಕೋಲಾರದ ಕಡೆ ಊರಹಬ್ಬದಲ್ಲಿ ತಂಬಿಟ್ಟಿನ ದೀಪ ತಲೆ ಮೇಲೆ ಹೊತ್ತು ನಡೆಯುವಾಗ ಜ್ವಾಲೆ ಹಿಂದಕ್ಕೆ ವಾಲುತ್ತದೆ. ಎದುರುಗಾಳಿ ಬಡಿಯುತ್ತದೆ, ಸರಿ. ಈಗ ಒಂದು ಎತ್ತರದ ಗಾಜಿನ ಭರಣಿಯ ತಳಕ್ಕೆ ಚಿಕ್ಕ ಮೇಣದಬತ್ತಿ ಅಂಟಿಸಿ ಹಚ್ಚಿ. ಬಾಯಿಗೆ ಮುಚ್ಚಳ ಸುಮ್ನೆ ಇಡಿ. ಭರಣಿ ಹಿಡಿದು ನಿಂತಲ್ಲಿಂದ ಥಟ್ಟನೆ ಮುಂದಕ್ಕೆ ಹೆಜ್ಜೆ ಹಾಕಿ. ಜ್ವಾಲೆ ಮುಂದಕ್ಕೆ ಬಾಗುತ್ತದೆ! ಬಸ್ಸು ಹೊರಟಾಗ ನಾವು ಹಿಂದಕ್ಕೆ ಜಗ್ಗಿದಂತೆ ಭರಣಿಯೊಳಗಿನ ಭಾರದ ಗಾಳಿ ಹಿಂದಕ್ಕೆ ಸರಿಯುತ್ತದೆ, ಹಗುರವಾದ ಜ್ವಾಲೆಯನ್ನು ಮುಂದಕ್ಕೆ ದಬ್ಬುತ್ತದೆ. ಭರಣಿ ಬಿಸಿಯಾಗುತ್ತದೆ, ಬಟ್ಟೆ ಸುತ್ತಿ ಹಿಡಿಯಿರಿ. ಚಿಕ್ಕವರಾದರೆ ಜೊತೆಗೆ ದೊಡ್ಡವರು ಇರಲಿ. ಹಾಗೇ ನಿಂತಲ್ಲೇ ಒಂದು ಸುತ್ತು ತಿರುಗಿ, ಜ್ವಾಲೆ ನಿಮ್ಮ ಕಡೆಗೇ ವಾಲುವುದನ್ನೂ ನೋಡಿ. ಯಾಕೆ ಅನ್ನುವುದು ಈಗ ನಿಮಗೇ ಹೊಳೆಯುತ್ತದೆ.