ಕ್ಲಚ್ ಬಿಡುವಾಗ ಡೀಸೆಲ್ ಎಂಜಿನ್ನಿನ ವೇಗ ತಾನಾಗಿ ಏರುವುದೇಕೆ?

ಹೊಸ ಡೀಸೆಲ್ ಕಾರನ್ನು ಮೊದಲ ಸರ್ವಿಸ್‌ಗೆ ತಂದವರಲ್ಲಿ ಹಲವರು ಒಂದು ಅನುಮಾನವನ್ನು ಮುಂದಿಡುತ್ತಾರೆ: ಆಕ್ಸಿಲರೇಟರ್ ಮುಟ್ಟದೆ ಮೊದಲ ಗೇರಿನಲ್ಲಿ ಕ್ಲಚ್ಚನ್ನು ನಿಧಾನವಾಗಿ ಬಿಟ್ಟರೆ ಎಂಜಿನ್ನಿನ ವೇಗ ತಾನೇ ಏರುತ್ತದೆ, ಇದು ದೋಷವೇ? ದೋಷವಲ್ಲ. ಎಂಜಿನ್ ಆಫ್ ಆಗದಿರಲೆಂದು ಅದರ ನಿಯಂತ್ರಣ ಘಟಕವಾದ ಇಸಿಯು ಬೇಕೆಂದೇ ಹೆಚ್ಚು ಇಂಧನ ಕೊಡುತ್ತಿರುತ್ತದೆ.

ಹಳೆಯ ಡೀಸೆಲ್ ಎಂಜಿನ್‌ಗಳ ಇಂಧನ ಪಂಪಿನೊಳಗಿನ ಗವರ್ನರ್, ಅಂದರೆ ವೇಗವನ್ನು ಹತೋಟಿಯಲ್ಲಿಡುವ ಸಾಧನ ಕೂಡ ವೇಗ ಕುಸಿದಾಗ ಇಂಧನ ಹೆಚ್ಚಿಸುತ್ತಿತ್ತು, ಆದರೆ ಕುಸಿದ ಮೇಲಷ್ಟೇ. ಆ ಎಂಜಿನ್‌ಗಳು ಗಾತ್ರದಲ್ಲಿ ದೊಡ್ಡವು, ಎಂಜಿನ್ ಜೊತೆ ತಿರುಗುವ ಅವುಗಳ ಚಕ್ರ, ಅಂದರೆ ಫ್ಲೈವ್ಹೀಲ್, ಭಾರವಾದದ್ದು; ಆದ್ದರಿಂದ ಅಷ್ಟು ಸಾಕಾಗುತ್ತಿತ್ತು. ಇಂದಿನ 1.5 ಲೀಟರ್ ಎಂಜಿನ್ ತನ್ನ ಬಲವನ್ನು ಪಡೆಯುವುದು ಬಹುಪಾಲು ಗಾಳಿಯನ್ನು ಒತ್ತಿ ತುಂಬುವ ಟರ್ಬೊದಿಂದ, ಮತ್ತು ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ, ಟರ್ಬೊದ ಒತ್ತಡ ಇಲ್ಲವೆನ್ನುವಷ್ಟು ಕಡಿಮೆ. ಗಾಳಿ ಸಾಲದಿದ್ದಾಗ ಡೀಸೆಲ್ ಸುರಿದರೆ ಕಪ್ಪು ಹೊಗೆ ಬರುತ್ತದೆಯೇ ಹೊರತು ಬಲ ಬರುವುದಿಲ್ಲ. 2020ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಬಿಎಸ್6 ಎಂಬ ವಾಹನ ಹೊಗೆಯ ನಿಯಮ ಅಂಥ ಹೊಗೆಗೆ ಅವಕಾಶ ಕೊಡುವುದೂ ಇಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯೇ ಶೇಕಡ 10ರ ಆಸುಪಾಸು ತೆಳು ಎಂಬುದನ್ನೂ ಇಲ್ಲಿ ನೆನೆಯಬೇಕು.

ಹೀಗಿರುವಾಗ ನೆರವಿಗೆ ಬರುವುದು ತಿರುಗುತ್ತಿರುವ ಫ್ಲೈವ್ಹೀಲ್‌ನಲ್ಲಿ ಕೂಡಿಟ್ಟ ಶಕ್ತಿ. ಅದು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ಎಂಜಿನ್ ನಿಮಿಷಕ್ಕೆ 800 ಸುತ್ತಿನಿಂದ 1000ಕ್ಕೆ ಏರಿದರೆ ವೇಗ ಕಾಲುಭಾಗ ಹೆಚ್ಚಿದರೂ ಶಕ್ತಿ ಒಂದೂವರೆ ಪಟ್ಟಿಗಿಂತ ಮಿಗಿಲಾಗುತ್ತದೆ. ಕ್ಲಚ್ ಹಿಡಿಯುವ ಆ ಕ್ಷಣದಲ್ಲಿ ಕಾರನ್ನು ಕದಲಿಸುವುದು ಈ ಹೆಚ್ಚುವರಿಯೇ. ಹಾಗಾದರೆ ಐಡ್ಲಿಂಗನ್ನು ಸದಾ 1000ಕ್ಕೇ ಇಡಬಾರದೇ ಎಂದರೆ, ಸಿಗ್ನಲ್ಲಿನಲ್ಲಿ ನಿಂತಷ್ಟು ಹೊತ್ತೂ ಇಂಧನ ಪೋಲು, ಸದ್ದೂ ಹೆಚ್ಚು.

ಕ್ಲಚ್ ಪೆಡಲ್ಲಿನ ಸ್ವಿಚ್ಚು ಮತ್ತು ಎಂಜಿನ್ನಿನ ಸುತ್ತನ್ನು ಅಳೆಯುವ ಕ್ರ್ಯಾಂಕ್‌ಶಾಫ್ಟ್ ಸೆನ್ಸರಿನಿಂದ ಇಸಿಯುವಿಗೆ ಕ್ಲಚ್ ಬಿಡುತ್ತಿರುವ ಸುಳಿವು ಸಿಗುತ್ತದೆ. ಡೀಸೆಲ್ ಎಂಜಿನ್ನಿನ ಬಲವನ್ನು ನಿರ್ಧರಿಸುವುದು ಇಂಜೆಕ್ಟರ್ ಸಿಂಪಡಿಸುವ ಇಂಧನವಾದ್ದರಿಂದ ತಿದ್ದುಪಡಿ ಮುಂದಿನ ದಹನದಲ್ಲೇ ಕಾಣುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ 800 ಸುತ್ತಿನಲ್ಲಿದ್ದರೆ ಸೆಕೆಂಡಿಗೆ ಸುಮಾರು 27 ದಹನಗಳು. ಕೆಲವು ಕಾರುಗಳಲ್ಲಿ ವೇಗವನ್ನು ನಿಜಕ್ಕೂ ಏರಿಸಲಾಗುತ್ತದೆ, ಇನ್ನು ಕೆಲವದರಲ್ಲಿ ಕುಸಿಯದಂತೆ ಹಿಡಿದಿಡುವುದಷ್ಟೇ.

ಇದು ಒಳ್ಳೆಯ ಏರ್ಪಾಡು ಎಂಬುದರಲ್ಲಿ ನನಗೆ ಸಂದೇಹವಿಲ್ಲ, ಆದರೆ ಇದನ್ನೇ ನೆಚ್ಚಿ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ದಟ್ಟಣೆಯಲ್ಲಿ ಹಾಫ್ ಕ್ಲಚ್ಚಿನಲ್ಲೇ ತೆವಳುವವರನ್ನು ಕಂಡಾಗ ನಿಜಕ್ಕೂ ಕಳವಳವಾಗುತ್ತದೆ. ಎಂಜಿನ್ ಆಫ್ ಆಗದೆ ಉಳಿಯುತ್ತದೆ, ಕ್ಲಚ್ ಪ್ಲೇಟು ಮಾತ್ರ ಕಾದು ಸವೆಯುತ್ತದೆ. ಮುಂದೆ ಒಂದಿಷ್ಟು ಜಾಗವಾಗುವವರೆಗೆ ನ್ಯೂಟ್ರಲ್‌ನಲ್ಲಿ ನಿಂತು, ಬಳಿಕ ಪೆಡಲ್ಲನ್ನು ಪೂರ್ತಿ ಬಿಟ್ಟು ಸಾಗುವುದು ಮೇಲು. ಹೆಬ್ಬಾಳದ ಮೇಲ್ಸೇತುವೆಯ ಏರಿನಲ್ಲಿ, ಕಾರಿನ ತುಂಬ ಜನರಿದ್ದಾಗ, ಹ್ಯಾಂಡ್‌ಬ್ರೇಕ್ ಹಿಡಿದು ಆಕ್ಸಿಲರೇಟರನ್ನು ತುಸು ಒತ್ತಿಯೇ ಹೊರಡಬೇಕು.

ಹೊಗೆಯ ಮಸಿಯನ್ನು ತಡೆಹಿಡಿಯುವ ಫಿಲ್ಟರ್ ಆದ ಡಿಪಿಎಫ್ ಇರುವ ಕಾರುಗಳಲ್ಲಿ ಅದರೊಳಗಿನ ಮಸಿ ಸುಡುವಾಗಲೂ ಐಡ್ಲಿಂಗ್ ಏರಬಹುದು. ಅದಕ್ಕೂ ಕ್ಲಚ್ಚಿಗೂ ಸಂಬಂಧವಿಲ್ಲ. ಆದರೆ ಮೂರನೇ ಅಥವಾ ನಾಲ್ಕನೇ ಗೇರಿನಲ್ಲಿ, ಕ್ಲಚ್ಚಿನಿಂದ ಕಾಲು ತೆಗೆದಿದ್ದಾಗಲೂ, ಆಕ್ಸಿಲರೇಟರ್ ಒತ್ತಿದರೆ ಎಂಜಿನ್ನಿನ ಸುತ್ತು ಏರಿ ಕಾರಿನ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಅಂಥ ಕಾರನ್ನು ತಡಮಾಡದೆ ವರ್ಕ್‌ಶಾಪಿಗೆ ತರಬೇಕು.